ಎಡೆದೊರೆಯಲ್ಲಿ ಅಹಂಕಾರ ನಡೆದ ದಾರಿ

ಮನೆಗೆ ಬಂದ ಅತಿಥಿಯನ್ನು ಎಷ್ಟು ದೂರ ಕಳಿಸಿಕೊಟ್ಟು ಬರಬೇಕು? ಬಾಗಿಲವರೆಗೋ, ಓಣಿಯ ತಿರುವಿನವರೆಗೋ, ಬಸ್ ನಿಲ್ದಾಣದವರೆಗೋ? ನಮ್ಮ ಹಳ್ಳಿಗಳಲ್ಲಿ ಇದು ಪ್ರೀತಿಯ ಲೆಕ್ಕ. ಅರಮನೆಗಳಲ್ಲಿ ಇದು ಅಂತಸ್ತಿನ ಲೆಕ್ಕವಾಗಿತ್ತು. ಆ ಲೆಕ್ಕ ತಪ್ಪಿತೆಂದು ದೊರೆಗಳು ಮುನಿದಾಗ ಏನೂ ತಿಳಿಯದ ಸಾವಿರಾರು ಜನರು ಪ್ರಾಣ ತೆತ್ತರು. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಚರಿತ್ರೆಯನ್ನು ಓದುವಾಗ ನಮ್ಮನ್ನು ಮತ್ತೆ ಮತ್ತೆ ಕಾಡುವ ಸಂಗತಿ ಇದು.

ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವಷ್ಟು ದೂರ ಭತ್ತದ ಗದ್ದೆಗಳು. ನೀರು ನಿಂತಲ್ಲಿಂದ ಹಳೆಯ ಎಡೆದೊರೆ ನಾಡು ತನ್ನ ನಿಜರೂಪ ತೋರುತ್ತದೆ: ಕರಿಮಣ್ಣು, ಜೋಳ-ತೊಗರಿಯ ಹೊಲಗಳು, ಬಂಡೆಗಳ ಗುಡ್ಡಗಳು. ದಾರಿಯಲ್ಲಿ ಮಸ್ಕಿ, ಮುಂದೆ ಲಿಂಗಸುಗೂರು, ಅದರ ಆಚೆ ಮುದಗಲ್ ಕೋಟೆ, ಇನ್ನೂ ಮುಂದೆ ಕೃಷ್ಣಾ ನದಿ. ಎರಡು ನದಿಗಳ ನಡುವಿನ ಈ ನೆಲವನ್ನು ಇತಿಹಾಸಕಾರರು ರಾಯಚೂರು ದೋಆಬ್ ಎನ್ನುತ್ತಾರೆ. ಉತ್ತರದಲ್ಲಿ ಬಹಮನಿಗಳು, ಅವರ ನಂತರ ವಿಜಯಪುರದ ಆದಿಲ್ ಶಾಹಿಗಳು. ದಕ್ಷಿಣದಲ್ಲಿ ವಿಜಯನಗರದ ಅರಸರು. ಇನ್ನೂರು ವರ್ಷಗಳ ಕಾಲ ಈ ನೆಲ ಅವರ ಕೈಯಿಂದ ಇವರ ಕೈಗೆ, ಇವರ ಕೈಯಿಂದ ಅವರ ಕೈಗೆ ಹೋಗುತ್ತಲೇ ಇತ್ತು. ಕಂದಾಯ, ಕೋಟೆ, ಗಡಿ ಇವೆಲ್ಲ ಕಾರಣಗಳೇ. ಆದರೆ ಬಖೈರು, ತವಾರೀಖುಗಳನ್ನು ಓದಿದರೆ ಇನ್ನೊಂದು ಕಾರಣವೂ ಕಾಣುತ್ತದೆ. ಅದು ದೊರೆಗಳ ಗರ್ವ.

ಅರ್ಧ ದಾರಿಯಲ್ಲಿ ಮರಳಿದ ಅರಸ

ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆಯನ್ನು ಫಿರಿಶ್ತಾ ಬರೆದಿದ್ದಾನೆ. ಆಕೆಯ ಚೆಲುವನ್ನು ಕೇಳಿದ ಒಂದನೆಯ ದೇವರಾಯ ಅವಳನ್ನು ಅರಮನೆಗೆ ಕರೆಸಿಕೊಳ್ಳಲು ಬಯಸಿದ. ಹುಡುಗಿ ಒಪ್ಪಲಿಲ್ಲ. ಆಗ ಸೈನ್ಯ ಹೊರಟಿತು. ಬಹಮನಿ ಸುಲ್ತಾನ ಫಿರೋಜ್ ಶಾಹ ಪ್ರತಿಯಾಗಿ ದಂಡೆತ್ತಿದ. ಇದು 1406ರ ಮಾತು. ಫಿರಿಶ್ತಾ ಇನ್ನೂರು ವರ್ಷಗಳ ನಂತರ ವಿಜಯಪುರದ ಆಸ್ಥಾನದಲ್ಲಿ ಕುಳಿತು ಬರೆದವನು. ಅವನ ಮಾತನ್ನೆಲ್ಲ ಹಾಗೆಯೇ ನಂಬಬೇಕಾಗಿಲ್ಲ. ಆದರೂ ಅವನು ಮುಂದೆ ಹೇಳುವ ಪ್ರಸಂಗ ಅರ್ಥಪೂರ್ಣವಾಗಿದೆ. ಯುದ್ಧದ ಕೊನೆಗೆ ಸಂಧಿಯಾಯಿತು. ದೇವರಾಯ ತನ್ನ ಮಗಳನ್ನು ಫಿರೋಜನಿಗೆ ಮದುವೆ ಮಾಡಿಕೊಟ್ಟ. ಸುಲ್ತಾನ ಹೊರಟಾಗ ಮಾವನಾದ ದೇವರಾಯ ಸ್ವಲ್ಪ ದೂರ ಜೊತೆಗೆ ಬಂದು, ಬಿಡಾರದವರೆಗೆ ಬರದೆ ಅರ್ಧ ದಾರಿಯಲ್ಲೇ ಮರಳಿದ. ಅಷ್ಟಕ್ಕೇ ಫಿರೋಜ್ ಶಾಹ ಕೆಂಡವಾದನಂತೆ. ಈ ಅವಮಾನಕ್ಕೆ ಒಂದು ದಿನ ಸೇಡು ತೀರಿಸಿಕೊಳ್ಳದೆ ಬಿಡೆನೆಂದನಂತೆ. ಮದುವೆಯಿಂದಲೂ ದ್ವೇಷ ಮುಗಿಯಲಿಲ್ಲ.

ಮುಂದೆ ಪಾನಗಲ್ಲಿನ ಯುದ್ಧದಲ್ಲಿ ಫಿರೋಜ್ ಸೋತ. ತಮ್ಮ ಅಹ್ಮದನಿಗೆ ಸಿಂಹಾಸನ ಬಿಟ್ಟುಕೊಟ್ಟು 1422ರಲ್ಲಿ ತೀರಿಕೊಂಡ. ದೇವರಾಯನ ಆಳ್ವಿಕೆಯೂ ಅದೇ ವರ್ಷ ಕೊನೆಗೊಂಡಿತು. ಕಲಬುರಗಿಯ ಖ್ವಾಜಾ ಬಂದೇ ನವಾಜ್ ಅವರೂ ಅದೇ 1422ರಲ್ಲಿ ನಿಧನರಾದರು. ಕೋಟೆಯ ಹತ್ತಿರ ಇರಬೇಡಿ ಎಂದು ಖ್ವಾಜಾ ಅವರನ್ನು ದೂರ ಕಳಿಸಿದವನು ಇದೇ ಫಿರೋಜ್ ಶಾಹ ಎಂದು ಚರಿತ್ರೆ ಹೇಳುತ್ತದೆ. ಇಂದು ಹಫ್ತ್ ಗುಂಬಜಿನಲ್ಲಿ ಫಿರೋಜನ ಭವ್ಯ ಗೋರಿ ಇದೆ. ಅದನ್ನು ನೋಡಲು ಬರುವವರು ಪ್ರವಾಸಿಗರು. ಖ್ವಾಜಾ ಅವರ ದರ್ಗಾಕ್ಕೆ ಬರುವವರು ಎಲ್ಲ ಜಾತಿ ಧರ್ಮದ ಬಡಬಗ್ಗರು.

ಪಾದ ಚುಂಬನದ ಬೇಡಿಕೆ

ನೂರು ವರ್ಷಗಳ ನಂತರದ ಪ್ರಸಂಗವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. 1520ರಲ್ಲಿ ರಾಯಚೂರಿನ ಬಳಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಘೋರ ಯುದ್ಧ ನಡೆಯಿತು. ಆದಿಲ್ ಶಾಹನ ಸೈನ್ಯ ಕೃಷ್ಣಾ ನದಿಯಲ್ಲಿ ಕೊಚ್ಚಿಹೋಗುತ್ತಿದ್ದಾಗ, ತಪ್ಪು ಮಾಡದ ಜನ ಸಾಯುತ್ತಿದ್ದಾರೆ, ಇನ್ನು ಸಾಕು ಎಂದು ತಡೆದವನು ಕೃಷ್ಣದೇವರಾಯನೇ. ಈ ಕರುಣೆಯನ್ನು ಮರೆಯಬಾರದು. ಆದರೆ ಗೆಲುವು ತಲೆಗೇರಿದ ಮೇಲೆ ಅದೇ ಅರಸ, ಆದಿಲ್ ಶಾಹ ಬಂದು ತನ್ನ ಪಾದಕ್ಕೆ ಮುತ್ತಿಟ್ಟರೆ ಮಾತ್ರ ಗೆದ್ದದ್ದನ್ನು ಮರಳಿಸುವೆನೆಂದ. ಅದಕ್ಕಾಗಿ ಗಡಿಯ ಮುದಗಲ್ಲಿನವರೆಗೆ ಬಂದು ಕಾದ. ಆದಿಲ್ ಶಾಹ ಬರಲಿಲ್ಲ. ಅವನ ಪರವಾಗಿ ಬಂದ ಅಸದ್ ಖಾನ್, ನಮ್ಮ ದೊರೆ ಬರದಂತೆ ತಡೆಯುತ್ತಿರುವವನು ನಿಮ್ಮ ಸೆರೆಯಲ್ಲಿರುವ ಸಲಾಬತ್ ಖಾನನೇ ಎಂದು ಸುಳ್ಳು ಹೇಳಿದ. ರಾಯ ನಂಬಿದ. ರಣರಂಗದಲ್ಲಿ ಕೊನೆಯವರೆಗೂ ಹೋರಾಡಿ ಸೆರೆಸಿಕ್ಕಿದ್ದ ಆ ಸೇನಾನಿಯ ಪ್ರಾಣ ಹೋಯಿತು. ಒಬ್ಬ ದೊರೆ ಪಾದ ಚಾಚಿದ, ಇನ್ನೊಬ್ಬ ತಲೆ ಬಾಗಿಸಲಿಲ್ಲ; ಸತ್ತವನು ಮೂರನೆಯವನು.

1529ರಲ್ಲಿ ಕೃಷ್ಣದೇವರಾಯ ಕಾಲವಾದ. ಸ್ವಲ್ಪದರಲ್ಲೇ ಇಸ್ಮಾಯಿಲ್ ರಾಯಚೂರು, ಮುದಗಲ್‌ಗಳನ್ನು ಮರಳಿ ವಶಪಡಿಸಿಕೊಂಡ. 1534ರಲ್ಲಿ ಅವನೂ ಮಣ್ಣಾದ.

ಸಾವಿನ ಮನೆಯಲ್ಲೂ ಬಿಡದ ಗರ್ವ

ಮೂರನೆಯ ಪ್ರಸಂಗ ಅಳಿಯ ರಾಮರಾಯನದು. ಅವನ ಮಗ ತೀರಿಕೊಂಡಾಗ ಒಂದನೆಯ ಅಲಿ ಆದಿಲ್ ಶಾಹ ಸಂತಾಪ ಹೇಳಲು ಸ್ವತಃ ವಿಜಯನಗರಕ್ಕೆ ಹೋದ. ರಾಮರಾಯನ ಮಡದಿ ಅವನನ್ನು ಮಗನೆಂದು ಕರೆದಳು. ಹಗೆಯ ಎರಡು ಮನೆತನಗಳ ನಡುವೆ ಇಂತಹ ಗಳಿಗೆ ಎಷ್ಟು ಅಪರೂಪ! ಆದರೆ ಅಲಿ ಹೊರಟಾಗ ರಾಮರಾಯ ಅವನನ್ನು ಕಳಿಸಿಕೊಡಲು ಊರಾಚೆಯವರೆಗೆ ಬರಲಿಲ್ಲ. ಅಲಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡ ಎಂದು ಫಿರಿಶ್ತಾ ಬರೆಯುತ್ತಾನೆ. ಮುಂದೆ ರಾಯಚೂರು, ಮುದಗಲ್ ಮೊದಲಾದ ಊರುಗಳನ್ನು ಮರಳಿ ಕೇಳಲು ಹೋದ ಅಲಿಯ ರಾಯಭಾರಿಯನ್ನು ರಾಮರಾಯ ಅವಮಾನಿಸಿ ಅಟ್ಟಿದ. ಸುಲ್ತಾನರು ಒಂದಾದರು. 1565ರ ಜನವರಿಯಲ್ಲಿ ಕೃಷ್ಣೆಯ ದಂಡೆಯ ಸೀಮೆಯಲ್ಲಿ, ಮುದಗಲ್ಲಿಗೆ ಬಹಳ ದೂರವಲ್ಲದ ಜಾಗದಲ್ಲಿ, ಇಳಿವಯಸ್ಸಿನ ರಾಮರಾಯನ ತಲೆ ಉರುಳಿತು. ವಿಜಯನಗರ ಸೂರೆಯಾಯಿತು. ಆ ತಲೆ ಕತ್ತರಿಸಲು ಅಪ್ಪಣೆ ಮಾಡಿದ ಅಹ್ಮದನಗರದ ಹುಸೇನ್ ನಿಜಾಮ್ ಶಾಹ ಅದೇ ವರ್ಷ ಸತ್ತ. ಅಲಿ ಆದಿಲ್ ಶಾಹ 1580ರಲ್ಲಿ ತನ್ನ ಅರಮನೆಯಲ್ಲೇ ಕೊಲೆಯಾದ.

ಈ ಯುದ್ಧಗಳನ್ನು ಹಿಂದೂ-ಮುಸ್ಲಿಮ್ ಕಾಳಗವೆಂದು ಹೇಳುವವರು ನಮ್ಮ ನಡುವೆ ಇದ್ದಾರೆ. ಎರಡೂ ಕಡೆಯ ದಂಡಿನಲ್ಲಿ ಎರಡೂ ಧರ್ಮದ ಸೈನಿಕರಿದ್ದರು. ಫಿರೋಜನ ಸಿಟ್ಟಿಗೂ ರಾಮರಾಯನ ಸೊಕ್ಕಿಗೂ ಒಂದೇ ಬಣ್ಣ. ಅಹಂಕಾರಕ್ಕೆ ಧರ್ಮವಿಲ್ಲ. ಆದ್ದರಿಂದ ನಾವು ಮುಸ್ಲಿಮರು ಸುಲ್ತಾನರ ಗೆಲುವನ್ನು ನಮ್ಮ ಗೆಲುವೆಂದು ಎಣಿಸಬೇಕಾಗಿಲ್ಲ, ಅವರ ತಪ್ಪನ್ನು ನಮ್ಮ ಹೆಗಲಿಗೆ ಹಾಕಿಕೊಳ್ಳಬೇಕಾಗಿಯೂ ಇಲ್ಲ. ಆದರೆ ಅದರಿಂದ ಪಾಠ ಕಲಿಯದಿದ್ದರೆ ತಪ್ಪು ನಮ್ಮದೇ.

ಔರಂಗಜೇಬನ ಕೊನೆಯ ಕೋಟೆ

ಆದಿಲ್ ಶಾಹಿಗಳನ್ನು 1686ರಲ್ಲಿ ಮುಗಿಸಿದ ಔರಂಗಜೇಬನನ್ನೂ ಈ ಸೀಮೆ ಬಿಡಲಿಲ್ಲ. ಲಿಂಗಸುಗೂರಿನ ಉತ್ತರಕ್ಕೆ, ಕೃಷ್ಣೆಯಾಚೆ ಸುರಪುರದ ಬೇಡ ನಾಯಕರ ವಾಗಿನಗೇರಾ ಕೋಟೆಯಿದೆ. 1705ರಲ್ಲಿ, ಎಂಬತ್ತೈದು ದಾಟಿದ ಚಕ್ರವರ್ತಿ ಈ ಸಣ್ಣ ಕೋಟೆಗೆ ಸ್ವತಃ ಮುತ್ತಿಗೆ ಹಾಕಿದ. ಕೋಟೆ ಕೈಗೆ ಬಂತು, ನಾಯಕ ತಪ್ಪಿಸಿಕೊಂಡ. ಹತ್ತಿರದ ದೇವಾಪುರದ ಬಿಡಾರದಲ್ಲಿ ಚಕ್ರವರ್ತಿ ಹಾಸಿಗೆ ಹಿಡಿದ. ಅದೇ ಅವನ ಕೊನೆಯ ಮುತ್ತಿಗೆ. 1707ರಲ್ಲಿ ಅಹ್ಮದನಗರದಲ್ಲಿ ಸತ್ತು, ಖುಲ್ದಾಬಾದಿನಲ್ಲಿ ಬಯಲಿನ ಸರಳ ಗೋರಿಯಲ್ಲಿ ಮಲಗಿದ. ಗೋರಿಗೆ ಮಾಡು ಬೇಡವೆಂಬುದು ಅವನ ಇಚ್ಛೆಯಾಗಿತ್ತು. ಅಮೃತಶಿಲೆಯ ಜಾಲರಿ ಎಷ್ಟೋ ಕಾಲದ ನಂತರ ಬಂದದ್ದು. ಸಾಯುವಾಗ ತಿಳಿದ ಸರಳತೆ ಆಳುವಾಗ ತಿಳಿದಿದ್ದರೆ ದಖ್ಖನಿನ ಎಷ್ಟು ಊರುಗಳು ಉಳಿಯುತ್ತಿದ್ದವೋ ಎಂದು ನಮಗೆ ಅನ್ನಿಸುತ್ತದೆ.

ಇಂಗ್ಲಿಷರ ಸರದಿಯೂ ಬಂತು. ಲಿಂಗಸುಗೂರಿನಲ್ಲಿ ಅವರ ದಂಡು ಬೀಡುಬಿಟ್ಟಿತು. 1858ರ ಫೆಬ್ರವರಿಯಲ್ಲಿ ಸುರಪುರದ ತರುಣ ರಾಜಾ ವೆಂಕಟಪ್ಪ ನಾಯಕನ ಮೇಲೆ ಹೋದದ್ದು ಲಿಂಗಸುಗೂರಿನ ಈ ಪಡೆಯೇ. ಸೆರೆಯಾದ ನಾಯಕನಿಗೆ ಮೊದಲು ಮರಣದಂಡನೆ, ನಂತರ ಸೆರೆವಾಸ ಎಂದು ತೀರ್ಪಾಯಿತು. ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಅವನು ಗುಂಡೇಟಿನಿಂದ ಸತ್ತ. ತಾನೇ ಹೊಡೆದುಕೊಂಡನೆಂದು ಇಂಗ್ಲಿಷರು ಬರೆದರು. ಈ ನಾಡಿನ ಜನ ಅದನ್ನು ಪೂರ್ತಿ ಒಪ್ಪಿಲ್ಲ. ಆದರೆ ರಾಜ್ಯಗಳನ್ನು ಒಂದೊಂದಾಗಿ ನುಂಗಿದ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯೂ ಅದೇ 1858ರಲ್ಲಿ ರದ್ದಾಯಿತು.

ಸೋತವರಿಗಾಗಿ ಸೇರುವ ಜನ

ಈಗ ಮುದಗಲ್ ಕೋಟೆಯ ಗೋಡೆಗಳ ಮೇಲೆ ಹುಲ್ಲು ಬೆಳೆದಿದೆ. ಅಲ್ಲಿ ಕಾದ ರಾಯನೂ ಇಲ್ಲ, ಅಲ್ಲಿಗಾಗಿ ಕಾದಾಡಿದ ಸುಲ್ತಾನರೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಮುಹರ್ರಮ್‌ನಲ್ಲಿ ಆ ಊರು ತುಂಬಿ ತುಳುಕುತ್ತದೆ. ಹಿಂದೂಗಳೂ ಮುಸ್ಲಿಮರೂ ದೂರದೂರದಿಂದ ಬರುತ್ತಾರೆ. ಆಚರಣೆಯ ರೀತಿಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿವೆ, ಅದು ಬೇರೆ ಮಾತು. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಜನ ಸೇರುವುದು ಗೆದ್ದ ದೊರೆಯ ಹೆಸರಿನಲ್ಲಲ್ಲ. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಿನಲ್ಲಿ ಬಾಯಾರಿ ಹುತಾತ್ಮರಾದ ಇಮಾಮ್ ಹುಸೈನ್(ರ) ಅವರ ಹೆಸರಿನಲ್ಲಿ. ಅಧಿಕಾರದ ಮುಂದೆ ಬಾಗು ಎಂದ ಯಝೀದ್ ಮೂರೇ ವರ್ಷಗಳಲ್ಲಿ ಸತ್ತ. ಅವನಿಗಾಗಿ ಈ ನಾಡಿನಲ್ಲಿ ಕಣ್ಣೀರಿಡುವವರು ಒಬ್ಬರೂ ಇಲ್ಲ. ಸಾವು ಇಬ್ಬರನ್ನೂ ಮಣ್ಣಿಗೆ ಸೇರಿಸಿತು, ಆದರೆ ಇಬ್ಬರನ್ನೂ ಒಂದೇ ಮಾಡಲಿಲ್ಲ.

ಮಸ್ಕಿಯ ಬಂಡೆ ಹೇಳಿದ್ದು

ಇನ್ನು ದಾರಿಯಲ್ಲಿ ಬಿಟ್ಟು ಬಂದ ಮಸ್ಕಿಗೆ ಮರಳೋಣ. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ಚಿನ್ನದ ನಿಕ್ಷೇಪ ಹುಡುಕುತ್ತ ಇಲ್ಲಿನ ಗುಡ್ಡ ಹತ್ತಿದ. ಹತ್ತಿರದ ಹಟ್ಟಿಯಲ್ಲಿ ಪ್ರಾಚೀನರು ತೋಡಿದ ಆಳದ ಗಣಿಗಳಿದ್ದವು. ಮಸ್ಕಿಯ ಗುಡ್ಡದಲ್ಲಿ ಅವನಿಗೆ ಸಿಕ್ಕಿದ್ದು ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ. ಬಂಡೆ ಶಾಸನಗಳ 'ದೇವಾನಾಂಪ್ರಿಯ' ಅಶೋಕನೇ ಎಂದು ಹೆಸರು ಹಿಡಿದು ಖಚಿತಪಡಿಸಿದ ಮೊದಲ ಶಾಸನ ಅದು. ಇಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು. ಶಾಸನದ ಒಳಗಿನ ಮಾತನ್ನು ನೆನಪಿಟ್ಟವರು ಕಡಿಮೆ. ಧರ್ಮದಲ್ಲಿ ಮನಸ್ಸಿಟ್ಟರೆ ಸಣ್ಣವನೂ ಆ ಎತ್ತರವನ್ನು ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಅದು ಸಾಧ್ಯವೆಂದು ತಿಳಿಯಬೇಡಿ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಎಂಬುದು ಅದರ ತಾತ್ಪರ್ಯ. ಕಳಿಂಗದಲ್ಲಿ ಒಂದು ಲಕ್ಷ ಜನರು ಹತರಾದರೆಂದು ತಾನೇ ಕಲ್ಲಿನಲ್ಲಿ ಬರೆಸಿ ಪಶ್ಚಾತ್ತಾಪಪಟ್ಟ ಚಕ್ರವರ್ತಿಯ ಮಾತು ಇದು.

ಅದೇ ಮಸ್ಕಿಯಲ್ಲಿ 1954ರಲ್ಲಿ ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳು ಹೊರಬಂದವು. ಆ ಕಾಲದವರು ಸತ್ತವರ ಜೊತೆಗೆ ಮಡಕೆ ಕುಡಿಕೆ, ಕಬ್ಬಿಣದ ಸಾಮಾನುಗಳನ್ನು ಇಡುತ್ತಿದ್ದರು. ಸಾಮಾನು ಇಟ್ಟಲ್ಲೇ ಉಳಿಯಿತು. ಮೃತರನ್ನು ಬಂಧುಗಳು, ಸೊತ್ತು, ಕರ್ಮ ಎಂಬ ಮೂರು ಗೋರಿಯವರೆಗೆ ಹಿಂಬಾಲಿಸುತ್ತವೆ, ಮೊದಲೆರಡು ಮರಳುತ್ತವೆ, ಕರ್ಮ ಮಾತ್ರ ಜೊತೆಗೆ ಉಳಿಯುತ್ತದೆ ಎಂಬರ್ಥದ ಪ್ರವಾದಿ(ಸ) ಅವರ ಬೋಧನೆ ಇಲ್ಲಿ ನೆನಪಾಗುತ್ತದೆ. ಅರ್ಧ ದಾರಿಯಲ್ಲಿ ಮರಳಿದನೆಂದು ಮುನಿದ ಫಿರೋಜನಿಗೆ ಈ ಮಾತು ತಿಳಿಯದೆ ಇರಲಿಲ್ಲ. ಎಲ್ಲರೂ ಅರ್ಧ ದಾರಿಯಲ್ಲೇ ಮರಳುವವರು.

ಆದರೆ ಸಾವು ಎಲ್ಲರನ್ನೂ ಸಮ ಮಾಡುತ್ತದೆ ಎಂದು ಹೇಳಿ ಸುಮ್ಮನಾದರೆ ಸಾಲದು. ಸಾವು ಸಮ ಮಾಡಿದ್ದನ್ನೂ ಒಪ್ಪದವರು ನಾವು. ಎಷ್ಟೋ ಹಳ್ಳಿಗಳಲ್ಲಿ ಸ್ಮಶಾನಕ್ಕೂ ಜಾತಿಯಿದೆ. ದಲಿತರು ಹೆಣ ಹೊತ್ತು ಹಳ್ಳದ ದಂಡೆಗೋ ಬೇರೆಯವರ ಹೊಲದ ಅಂಚಿಗೋ ಹೋಗುವ ಪರಿಸ್ಥಿತಿ ಇದೆ. ನಮ್ಮ ಕಬರಸ್ತಾನಗಳಲ್ಲೂ ಅಮೃತಶಿಲೆಯ ಗೋರಿಗಳು ಏಳುತ್ತಿವೆ. ಇತ್ತ ಕಾಲುವೆಯ ಮೇಲ್ಭಾಗದ ಬಲಾಢ್ಯರು ಹೆಚ್ಚು ನೀರು ತಿರುಗಿಸಿಕೊಂಡರೆ ಕೊನೆಭಾಗದ ರೈತನ ಪೈರು ಒಣಗುತ್ತದೆ. ಸಿಂಧನೂರಿನ ಸುತ್ತಲ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಬಂದ ಕುಟುಂಬಗಳಿವೆ. ದೂರದಲ್ಲಿ ದೊಡ್ಡವರು ಎಳೆದ ಗೆರೆಗೆ ಮನೆಮಾರು ತೆತ್ತವರು ಅವರು. 2020-21ರ ಕೊರೋನಾ ದಿನಗಳಲ್ಲಿ ಹೆಗಲು ಕೊಡಲು ನಾಲ್ಕು ಜನರಿಲ್ಲದೆ ಶ್ರೀಮಂತರೂ ಹೋದರು, ಬಡವರೂ ಹೋದರು. ಆ ಪಾಠವನ್ನು ಎಷ್ಟು ಬೇಗ ಮರೆತೆವು!

ಜನಾಝಾ ನಮಾಝಿನಲ್ಲಿ ಸಾಹುಕಾರನೂ ಕೂಲಿಯವನೂ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ಕಫನ್‌ಗೆ ಜೇಬಿರುವುದಿಲ್ಲ. ಆ ಸಮಾನತೆ ಸತ್ತವನಿಗೆ ತಡವಾಗಿ ಸಿಕ್ಕಿದ್ದು. ಸಾಲಿನಲ್ಲಿ ನಿಂತವರಿಗೆ ಇನ್ನೂ ಸಮಯವಿದೆ. ಅವರು ಕಬರಸ್ತಾನದಿಂದ ಮರಳಿ ಬಂದು ಬದುವಿನ ಜಗಳ ಬಿಟ್ಟರೆ, ಕೊನೆಯ ಹೊಲದವನಿಗೆ ನೀರು ಬಿಟ್ಟರೆ, ಸ್ಮಶಾನವಿಲ್ಲದವರಿಗೆ ಆರಡಿ ಜಾಗ ಕೊಡಿಸಿದರೆ, ಮಸ್ಕಿಯ ಬಂಡೆಯ ಮಾತು ಜೀವಂತವಿದ್ದಾಗಲೇ ನಿಜವಾದೀತು. ಅದಕ್ಕಾಗಿ ಸಾವಿನವರೆಗೆ ಕಾಯುವುದು ಏಕೆ?