ದಡ್ಡ ಅನ್ನೋ ಮುಂಚೆ...

ಪ್ರೈಮರಿ ಸ್ಕೂಲಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ನಾಲ್ಕನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಹತ್ತಲಿಲ್ಲ. 'ಅಕ್ಕ' ಬರಿ ಅಂದರೆ 'ಅಕ' ಅಂತ ಬರೆಯುತ್ತಿದ್ದ. ಸಂತೆಯಲ್ಲಿ ಅಪ್ಪನ ಜೊತೆ ಕೂತಾಗ ಮಾತ್ರ ಮೆಣಸಿನಕಾಯಿ ಲೆಕ್ಕವೆಲ್ಲ ಬಾಯಲ್ಲೇ! ಇದು ಮೇಷ್ಟ್ರ ಬೆತ್ತಕ್ಕೆ ಗೊತ್ತಿರಲಿಲ್ಲ. ಐದನೇ ಕ್ಲಾಸಿಗೆ ಅವನು ಬರಲೇ ಇಲ್ಲ.

ಪರ್ಸಿ ಎಂಬ ಹುಡುಗನ ಬಗ್ಗೆ ಓದುವಾಗ ನನಗೆ ನೆನಪಾದದ್ದು ಇವನೇ.

1896ರ ನವೆಂಬರ್. ಇಂಗ್ಲೆಂಡಿನ ಸೀಫರ್ಡ್ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಒಂದು ಪುಟ್ಟ ಲೇಖನ ಬರೆದರು. ಪರ್ಸಿಗೆ ಆಗ 14 ವರ್ಷ. ಏಳನೇ ವಯಸ್ಸಿನಿಂದ ಪಾಠ ಹೇಳಿಸಿದರೂ ಓದು ಬಾರದು. ತನ್ನ ಹೆಸರನ್ನೇ 'ಪ್ರೆಸಿ' ಅಂತ ಬರೆದಿದ್ದ. 7 ಅನ್ನೋ ಅಂಕಿ ಗೊತ್ತು, ಅದನ್ನೇ ಅಕ್ಷರದಲ್ಲಿ ಬರೆದರೆ ಓದಲಾರ. ಆದರೆ 749ನ್ನು 867ರಿಂದ ಬೇಗನೆ, ತಪ್ಪಿಲ್ಲದೆ ಗುಣಿಸಿಬಿಟ್ಟ! ಪಾಠವೆಲ್ಲ ಬಾಯಿಮಾತಲ್ಲೇ ನಡೆದರೆ ಶಾಲೆಗೆಲ್ಲ ಇವನೇ ಜಾಣ ಅಂತ ಅವನ ಮೇಷ್ಟ್ರೇ ಹೇಳಿದ್ದರಂತೆ.

ಮಾರ್ಗನ್ ಇದನ್ನು 'ಹುಟ್ಟಿನಿಂದ ಬಂದ ಪದಕುರುಡು' ಅಂದರು. ಆಗೆಲ್ಲ ತೊಂದರೆ ಪದಗಳ ರೂಪ ನೆನಪಿಟ್ಟುಕೊಳ್ಳುವುದರಲ್ಲಿದೆ ಅಂತ ತಿಳಿದಿದ್ದರು. ಪದದೊಳಗಿನ ಸದ್ದುಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವುದೇ ಬಹಳಷ್ಟು ಮಕ್ಕಳಿಗೆ ಕಷ್ಟ ಅಂತ ಗೊತ್ತಾಗಿದ್ದು ಎಷ್ಟೋ ದಶಕಗಳ ನಂತರ. ಆದರೆ ಕಲಿಸುವವರು ಅಲ್ಲಿಯವರೆಗೆ ಕಾಯಲಿಲ್ಲ. ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಅವರ ವಿಚಾರಗಳನ್ನು ಹಿಡಿದು, 1930ರ ದಶಕದಲ್ಲಿ ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ ಒಂದು ಕ್ರಮ ಕಟ್ಟಿದರು. ಅಕ್ಷರವನ್ನು ನೋಡು, ಅದರ ಸದ್ದು ಹೇಳು, ಕೈಯಲ್ಲಿ ತಿದ್ದು, ಎಲ್ಲ ಒಟ್ಟಿಗೆ. ನಮ್ಮ ಹಿರಿಯರು ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸುತ್ತಿದ್ದದ್ದು ನೆನಪಾಯಿತೇ?

1963ರಲ್ಲಿ ಶಿಕಾಗೋದ ಒಂದು ಪೋಷಕರ ಸಭೆಯಲ್ಲಿ ಸ್ಯಾಮ್ಯುಯೆಲ್ ಕರ್ಕ್ ಇಂಥ ತೊಂದರೆಗಳಿಗೆ 'ಕಲಿಕಾ ನ್ಯೂನತೆ' ಎಂಬ ಹೆಸರು ಮುಂದಿಟ್ಟರು. ಅಪ್ಪ ಅಮ್ಮಂದಿರಿಗೆ ಆ ಹೆಸರೇ ಬಲವಾಯಿತು, ಸಂಘಟನೆ ಕಟ್ಟಿಕೊಂಡರು.

ಇನ್ನು ನಮ್ಮಲ್ಲಿ? ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಗಿದ್ದು 1965ರಲ್ಲಿ. ಮಾತು ತಡವಾದ, ತೊದಲುವ, ಓದಲು ಕಷ್ಟಪಡುವ ಮಕ್ಕಳನ್ನು ಅಲ್ಲಿ ಪರೀಕ್ಷಿಸಿ ತರಬೇತಿ ಕೊಡುತ್ತಾರೆ. ಆದರೆ 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಈ ಮಕ್ಕಳ ಓದಿನ ತೊಂದರೆಗೆ ಜಾಗವೇ ಇರಲಿಲ್ಲ. 2007ರಲ್ಲಿ 'ತಾರೇ ಜಮೀನ್ ಪರ್' ನೋಡಿ ನಾವೆಲ್ಲ ಕಣ್ಣೊರೆಸಿಕೊಂಡ ಮೇಲೂ ಒಂಬತ್ತು ವರ್ಷ ಹೋಯಿತು. 2016ರ ಕಾಯ್ದೆಯ 21 ವಿಧಗಳಲ್ಲಿ ಕಲಿಕೆಯ ತೊಂದರೆಯೂ, ಮಾತು ಮತ್ತು ಭಾಷೆಯ ತೊಂದರೆಯೂ ಸೇರಿದವು.

ಪರ್ಸಿಯಿಂದ ಲೆಕ್ಕ ಹಾಕಿದರೆ 120 ವರ್ಷ!

ಪರ್ಸಿಯ ಮೇಷ್ಟ್ರಿಗೂ ಅವನಿಗೆ ಓದು ಕಲಿಸಲಾಗಲಿಲ್ಲ. ಆದರೆ ಹುಡುಗ ಜಾಣ ಅಂತ ಅವರು ಕಂಡುಕೊಂಡಿದ್ದರು. ಅದಕ್ಕೆ ಕಾಯ್ದೆ ಬೇಕಿರಲಿಲ್ಲ, ಡಾಕ್ಟರೂ ಬೇಕಿರಲಿಲ್ಲ. ನನ್ನ ಗೆಳೆಯನಿಗೆ ಅಷ್ಟಾದರೂ ಸಿಕ್ಕಿದ್ದರೆ ಐದನೇ ಕ್ಲಾಸಿಗೆ ಬರುತ್ತಿದ್ದನೇನೋ...

'ದಡ್ಡ' ಅಂತ ಅವನನ್ನು ಕರೆದವರಲ್ಲಿ ನಾನೂ ಒಬ್ಬ. ಅದಕ್ಕೇ ಇಷ್ಟೆಲ್ಲ ಬರೆದೆ.