ದಾವಣಗೆರೆ–ಹರಿಹರ ಪ್ರದೇಶದ ಬಿಸಿಲು ತೋಟದ ಬಹುವಾರ್ಷಿಕ ಹೂಗಿಡಗಳು

ದಾವಣಗೆರೆ ಮತ್ತು ಹರಿಹರ ನಗರಗಳ ಮನೆಯಂಗಳಗಳಲ್ಲಿ ಒಮ್ಮೆ ನೆಟ್ಟರೆ ಹಲವು ವರ್ಷ ಬಾಳಿ, ಅಲ್ಪ ಆರೈಕೆಯಲ್ಲಿಯೇ ಹೂಬಿಟ್ಟು, ಜೇನ್ನೊಣ, ದುಂಬಿ, ಚಿಟ್ಟೆ ಹಾಗೂ ಸೂರಕ್ಕಿಗಳಂತಹ ಪರಾಗಸ್ಪರ್ಶಿಗಳಿಗೆ ಆಹಾರ ಒದಗಿಸುವ ಸಸ್ಯಗಳನ್ನು ಈ ಲೇಖನ ಪರಿಚಯಿಸುತ್ತದೆ. ತಂಗಡಿ, ಸ್ಫಟಿಕ, ಮುಳ್ಳುಗೋರಂಟೆ, ಎಕ್ಕ, ದಾಸವಾಳ, ನಿತ್ಯಪುಷ್ಪ ಮತ್ತು ತುಳಸಿ ಇವುಗಳಲ್ಲಿ ಮುಖ್ಯವಾದವು. ದಿನಕ್ಕೆ ಕನಿಷ್ಠ ಆರು ಗಂಟೆಗಳ ನೇರ ಬಿಸಿಲು ಬೀಳುವ ಸ್ಥಳವನ್ನು ಇಲ್ಲಿ ಬಿಸಿಲು ತೋಟವೆಂದು ಪರಿಗಣಿಸಲಾಗಿದೆ.

ಹಿನ್ನೆಲೆ

ದಾವಣಗೆರೆಯು ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿತ್ತು. ಹತ್ತಿಯ ಹೂವು ಮಕರಂದಭರಿತವಾದುದು. ಇಂದು ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತವೂ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳವೂ ಪ್ರಧಾನ ಬೆಳೆಗಳಾಗಿವೆ. ಭತ್ತವು ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದಿಂದ ಕಾಳುಕಟ್ಟುತ್ತದೆ. ಮೆಕ್ಕೆಜೋಳದ ಪರಾಗವನ್ನು ಗಾಳಿ ಒಯ್ಯುತ್ತದೆ. ಮೆಕ್ಕೆಜೋಳದಿಂದ ಜೇನ್ನೊಣಗಳಿಗೆ ಪರಾಗ ದೊರೆತರೂ ಈ ಎರಡರಲ್ಲಿ ಯಾವುದರಿಂದಲೂ ಮಕರಂದ ದೊರೆಯದು. ಕಣ್ಣಿಗೆ ಹಸಿರಾಗಿ ಕಾಣುವ ಬಯಲು ಜೇನಿನ ಪಾಲಿಗೆ ಬರಿದು. ಆದ್ದರಿಂದ ಊರೊಳಗಿನ ಹೂಗಿಡಗಳಿಗೆ ಮಹತ್ವವುಂಟು. ಹಿತ್ತಲಿನ ಕುಂಬಳ, ಹೀರೆಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆಬೇರೆಯಾಗಿದ್ದು, ಕೀಟಗಳು ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ.

ಮಣ್ಣು ಮತ್ತು ಹವೆ

ಈ ಪ್ರದೇಶದಲ್ಲಿ ಎರೆಮಣ್ಣು, ಕೆಂಪು ಮಣ್ಣು ಎರಡೂ ಇವೆ. ಹರಿಹರದಲ್ಲಿ ತುಂಗಭದ್ರೆಯ ದಂಡೆಗೆ ಹೊಂದಿದಂತೆ ಮರಳುಮಿಶ್ರಿತ ಮೆಕ್ಕಲು ಮಣ್ಣು ಕಾಣಸಿಗುತ್ತದೆ. ಮಳೆ ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕುಬಿಟ್ಟು ಬೇರುಗಳನ್ನು ಹರಿಯುತ್ತದೆ, ಮಳೆಗಾಲದಲ್ಲಿ ನೀರು ಹಿಡಿದು ಅವನ್ನು ಕೊಳೆಸುತ್ತದೆ. ಗಿಡ ಸಾಯುವುದು ಬಿಸಿಲಿಗಿಂತ ಹೆಚ್ಚಾಗಿ ಈ ಜೌಗಿನಿಂದಲೇ. ನೆಲಮಟ್ಟಕ್ಕಿಂತ ಸುಮಾರು ಒಂದು ಅಡಿ ಎತ್ತರದ ಮಡಿ ಕಟ್ಟಿ, ಮರಳು ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡುವುದು ಇದಕ್ಕೆ ಪರಿಹಾರ.

ಮುಖ್ಯ ಸಸ್ಯಗಳು

ತಂಗಡಿಯನ್ನು ಆವರಿಕೆ ಎಂದೂ ಕರೆಯುತ್ತಾರೆ. ಇದರ ಶಾಸ್ತ್ರೀಯ ನಾಮ ಸೆನ್ನ ಆರಿಕ್ಯುಲೇಟ. ಬರಡು ನೆಲದಲ್ಲಿ, ರಸ್ತೆಬದಿಯಲ್ಲಿ ತಾನಾಗಿ ಬೆಳೆಯುವ ಈ ಹಳದಿ ಹೂವಿನ ಪೊದೆಯನ್ನು ತೋಟಕ್ಕೆ ತರುವವರು ವಿರಳ. ನೆರೆಯ ತೆಲಂಗಾಣದಲ್ಲಿ ಇದೇ ರಾಜ್ಯಪುಷ್ಪ. ಹೂವಿನಲ್ಲಿ ಮಕರಂದವಿಲ್ಲ, ಪರಾಗವು ಕೇಸರದ ಚೀಲದೊಳಗೆ ಅಡಗಿದ್ದು, ಅದರ ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬೀಳುತ್ತದೆ. ಮರ ಕೊರೆದು ಗೂಡುಮಾಡುವ ದೊಡ್ಡ ಕಪ್ಪು ದುಂಬಿಯು ಹೂವನ್ನು ಅಪ್ಪಿಹಿಡಿದು ಗುಂಯ್ ಎಂದು ಮೈ ಕಂಪಿಸಿದಾಗ ಪರಾಗ ಉದುರುತ್ತದೆ. ಜೇನ್ನೊಣಗಳಿಗೆ ಈ ವಿದ್ಯೆ ತಿಳಿಯದು.

ಎಕ್ಕದ ಪರಾಗವು ಪುಡಿಯಾಗಿರದೆ ಸಣ್ಣ ಗಂಟುಗಳಂತಿದ್ದು, ಅದೇ ಕಪ್ಪು ದುಂಬಿಯ ಕಾಲಿಗೆ ಅಂಟಿ ಮತ್ತೊಂದು ಹೂವನ್ನು ಸೇರುತ್ತದೆ. ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಅಂಚುಳ್ಳ ಒಂದು ಜಾತಿಯ ಚಿಟ್ಟೆ ಎಕ್ಕದ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಪಟ್ಟೆಪಟ್ಟೆ ಹುಳುಗಳು ಎಲೆ ಮೇಯುತ್ತಿರುವುದನ್ನು ಕಂಡು ಔಷಧಿ ಸಿಂಪಡಿಸುವುದು ಸಲ್ಲದು. ಹುಳು ಇಲ್ಲದೆ ಚಿಟ್ಟೆ ಇಲ್ಲ, ಎಕ್ಕವೂ ಬೇಗನೆ ಮರಳಿ ಚಿಗುರುತ್ತದೆ.

ಸ್ಫಟಿಕ ಮತ್ತು ಹಳದಿ ಹೂವಿನ ಮುಳ್ಳುಗೋರಂಟೆ ಒಂದೇ ಕುಲಕ್ಕೆ ಸೇರಿದವು. ಮಳೆಗಾಲ ಮುಗಿದ ಮೇಲೆ, ಚಳಿಗಾಲದವರೆಗೆ ಧಾರಾಳವಾಗಿ ಹೂಬಿಡುತ್ತವೆ. ಮುಳ್ಳುಗೋರಂಟೆ ಬೇಲಿಗೂ ಆಗುತ್ತದೆ. ನಿತ್ಯಪುಷ್ಪವು ಮಡಗಾಸ್ಕರ್ ಮೂಲದ್ದಾದರೂ ಇಲ್ಲಿನ ಬಿಸಿಲಿಗೆ ಚೆನ್ನಾಗಿ ಒಗ್ಗಿದೆ, ದನಕರು ಮುಟ್ಟುವುದಿಲ್ಲ. ಹೂವಿನ ನಳಿಕೆ ಕಿರಿದಾಗಿರುವುದರಿಂದ ಉದ್ದ ಹೀರುಗೊಳವೆಯ ಚಿಟ್ಟೆ, ಪತಂಗಗಳಿಗಷ್ಟೇ ಅದರ ಮಕರಂದ ಎಟಕುತ್ತದೆ.

ದಾಸವಾಳದಲ್ಲಿ ಐದೆಸಳಿನ ಸರಳ ಹೂವಿನ ಬಗೆಯನ್ನೇ ಆರಿಸಬೇಕು. ಸುತ್ತುಸುತ್ತಾಗಿ ಎಸಳು ತುಂಬಿದ ಬಗೆಗಳಲ್ಲಿ ಕೇಸರಗಳು ಎಸಳುಗಳಾಗಿ ಮಾರ್ಪಟ್ಟಿರುವುದರಿಂದ ನೋಟ ಚೆಂದವಿದ್ದರೂ ಬಂದ ಅತಿಥಿಗೆ ದೊರೆಯುವುದು ಕಡಿಮೆ.

ತುಳಸಿಯ ತೆನೆ ಬಂದೊಡನೆ ಚಿವುಟುವ ರೂಢಿಯಿದೆ. ಗಿಡದ ಆಯುಸ್ಸು ಹೆಚ್ಚಿಸಲು ಅದು ಸರಿಯೇ. ಆದರೆ ಅರ್ಧದಷ್ಟು ತೆನೆಗಳನ್ನು ಉಳಿಸಿದರೆ ತುಡುವೆ, ಕೋಲುಜೇನು ಹಾಗೂ ಮುಜಂಟಿ ಜೇನುಗಳು ತಪ್ಪದೆ ಬರುತ್ತವೆ.

ಕರಾವಳಿ, ಮಲೆನಾಡುಗಳ ಕೇಪಳವನ್ನು ಆಸೆಯಿಂದ ತಂದು ನೆಡುವವರಿದ್ದಾರೆ. ಅದಕ್ಕೆ ಆಮ್ಲೀಯ ಮಣ್ಣು ಬೇಕು. ಸುಣ್ಣದ ಅಂಶವಿರುವ ಎರೆಮಣ್ಣಿನಲ್ಲಿ ಎಲೆ ಹಳದಿಗಟ್ಟಿ ಗಿಡ ಸೊರಗುತ್ತದೆ. ಲಂಟಾನವನ್ನು ಚಿಟ್ಟೆಗಳು ಮೆಚ್ಚಿದರೂ ಅದು ಕಾಡನ್ನೇ ಕಬಳಿಸುವ ಕಳೆಯಾದ್ದರಿಂದ ನೆಡಬಾರದು. ಕಣಗಿಲೆ ಬರವನ್ನು ಸಹಿಸುತ್ತದೆ, ಆದರೆ ಅದರ ಹೂವಿನಲ್ಲಿ ಮಕರಂದವಿಲ್ಲ.

ಪೂಜೆಯ ಹೂ ಮತ್ತು ಜೇನಿನ ಪಾಲು

ಹರಿಹರದ ಹರಿಹರೇಶ್ವರ ದೇವಾಲಯವನ್ನು 1223–24ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದನು. ಹರಿಗೆ ತುಳಸಿ, ಹರನಿಗೆ ಎಕ್ಕ, ತುಂಬೆ ಎಂಬ ಸಂಪ್ರದಾಯದಿಂದಾಗಿ ಮೇಲಿನ ಗಿಡಗಳಲ್ಲಿ ಕೆಲವು ಮೊದಲಿನಿಂದಲೂ ಮನೆಯಂಗಳದಲ್ಲಿವೆ. ಆದರೆ ಬೆಳಕು ಹರಿಯುವ ಮುನ್ನವೇ ಗಿಡವನ್ನು ಬೋಳುಮಾಡಿ ಹೂ ಕೊಯ್ದರೆ ಬಿಸಿಲೇರಿದ ಮೇಲೆ ಬರುವ ಜೇನಿಗೆ ಏನೂ ಉಳಿಯದು. ದಾಸವಾಳದ ಹೂವಿಗೆ ಸಾಮಾನ್ಯವಾಗಿ ಒಂದೇ ದಿನದ ಆಯುಸ್ಸು. ಕೊಯ್ಯುವಾಗ ಮೂರರಲ್ಲೊಂದು ಪಾಲನ್ನು ಗಿಡದಲ್ಲಿ ಬಿಡುವುದು ಒಳ್ಳೆಯದು. ಇದರಿಂದ ಪೂಜೆಗೆ ಕೊರತೆಯಾಗದು.

ಆರೈಕೆ

ಜೂನ್ ತಿಂಗಳ ಹದವಾದ ಮಳೆಯ ನಂತರ ನೆಡುವುದು ಸೂಕ್ತ. ದಾಸವಾಳ, ಸ್ಫಟಿಕಗಳು ಕಡ್ಡಿಯಿಂದ ಬರುತ್ತವೆ; ತಂಗಡಿಯನ್ನು ಬೀಜದಿಂದ ಬೆಳೆಸಬೇಕು, ದೊಡ್ಡ ಗಿಡ ಕಿತ್ತು ನೆಟ್ಟರೆ ಉಳಿಯುವುದು ಕಷ್ಟ. ಮೊದಲ ಬೇಸಿಗೆಯಲ್ಲಿ ವಾರಕ್ಕೆರಡು ಬಾರಿ ನೀರು ಅಗತ್ಯ. ಎರಡನೆಯ ವರ್ಷದಿಂದ ತಂಗಡಿ, ಎಕ್ಕಗಳಿಗೆ ನೀರೇ ಬೇಡ. ಉಳಿದವಕ್ಕೆ ಎಂಟು ಹತ್ತು ದಿನಗಳಿಗೊಮ್ಮೆ ಬುಡ ನೆನೆಯುವಂತೆ ಹಾಕಿದರೆ ಸಾಕು. ಬುಡಕ್ಕೆ ಮೆಕ್ಕೆಜೋಳದ ದಂಟಿನ ಚೂರು, ಅಡಿಕೆ ಸಿಪ್ಪೆ ಅಥವಾ ತರಗೆಲೆಗಳನ್ನು ಹೊದಿಸಿದರೆ ತೇವ ಉಳಿಯುತ್ತದೆ. ನೆಲವನ್ನೆಲ್ಲ ಮುಚ್ಚದೆ ಒಂದು ಮೂಲೆಯನ್ನು ಬರಿ ಮಣ್ಣಾಗಿ ಬಿಡಬೇಕು, ಏಕೆಂದರೆ ಒಂಟಿ ಜೇನುಗಳಲ್ಲಿ ಅನೇಕವು ನೆಲದಲ್ಲಿ ಬಿಲ ತೋಡಿ ಮರಿಮಾಡುತ್ತವೆ. ಒಣಮರದ ತುಂಡೊಂದಿದ್ದರೆ ಕಪ್ಪು ದುಂಬಿಗೆ ಮನೆಯಾಗುತ್ತದೆ.

ದಾಸವಾಳಕ್ಕೆ ಹಿಟ್ಟುತಿಗಣೆ ಕಾಡುವುದು ಸಾಮಾನ್ಯ. ನೀರನ್ನು ರಭಸವಾಗಿ ಚಿಮುಕಿಸಿ ತೊಳೆಯುವುದು ಮೊದಲ ಉಪಾಯ. ಸಾಲದಿದ್ದರೆ ಸಂಜೆ, ಜೇನು ಗೂಡು ಸೇರಿದ ಮೇಲೆ, ಹೂವಿಗೆ ತಾಗದಂತೆ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಬಹುದು.

ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ತೀವ್ರ ಹಾನಿಯಾಗುತ್ತದೆ. ನಿತ್ಯಪುಷ್ಪ, ಕಣಗಿಲೆಗಳ ಎಲ್ಲ ಭಾಗಗಳೂ ವಿಷಯುಕ್ತ. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಇವನ್ನು ಕಾಲುದಾರಿಯಿಂದ ದೂರ ನೆಡಬೇಕು. ಸವರುವಾಗ ಕೈಗವಸು ಧರಿಸಬೇಕು.