ದೇವಗಿರಿಗೆ ಒಂದೇ ದಾರಿ

ನಾಸಿಕಕ್ಕೆ ಬಂದು ಇಪ್ಪತ್ತು ವರ್ಷ ದಾಟಿದರೂ ದೇವಗಿರಿ ಬೆಟ್ಟ ಹತ್ತಿರಲಿಲ್ಲ ಅಂದರೆ ನಗಬೇಡಿ. ಊರಿನಿಂದ ಬಂದ ನೆಂಟರನ್ನು ಎಲ್ಲೋರಕ್ಕೆ ಕರೆದೊಯ್ಯುವಾಗಲೆಲ್ಲ ಕಾರಿನ ಕಿಟಕಿಯಿಂದಲೇ ತೋರಿಸಿ, "ಅಗೋ ದೇವಗಿರಿ, ನಮ್ಮ ಸೇವುಣರದ್ದು" ಅಂದುಬಿಡುತ್ತಿದ್ದೆ. ಒಮ್ಮೆ ಜೊತೆಗಿದ್ದ ಮರಾಠಿ ಗೆಳೆಯ ತಡೆದ. "ನಿಮ್ಮವರು ಹೇಗಾದರು? ಅವರು ನಮ್ಮ ಯಾದವರು!" ಸರಿ, ಇಬ್ಬರೂ ಸೇರಿ ಹತ್ತಿಯೇ ಬರೋಣ ಅಂತ ಕಳೆದ ಚಳಿಗಾಲದಲ್ಲಿ ಹೊರಟೆವು.

ದಾರಿಯಲ್ಲಿ ಮೊದಲು ಸಿಕ್ಕಿದ್ದು ಸಿನ್ನರ್. ನಾಸಿಕದಿಂದ ಸುಮಾರು 30 ಕಿಲೋಮೀಟರ್. ಗೊಂದೇಶ್ವರ ದೇವಾಲಯವಿರುವ ಈ ಊರು ಸೇವುಣರ ಹಳೆಯ ನೆಲೆ. ಅವರು ಬಹುಕಾಲ ನಮ್ಮ ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದವರು. ಚಾಲುಕ್ಯರು ಕುಸಿದಾಗ, 12ನೇ ಶತಮಾನದ ಕೊನೆಯಲ್ಲಿ, ಐದನೇ ಭಿಲ್ಲಮ ಸ್ವತಂತ್ರನಾಗಿ ದೇವಗಿರಿಯನ್ನು ರಾಜಧಾನಿ ಮಾಡಿಕೊಂಡ. ಗದಗದ ಹತ್ತಿರದ ಸೊರಟೂರಿನಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನ ಕೈಯಲ್ಲಿ ಸೋತದ್ದೂ ಇವನೇ. ಈ ವಂಶದ ನೂರಾರು ಶಾಸನಗಳು ಕನ್ನಡದಲ್ಲಿವೆ ಅಂತ ನಾನು ಬೀಗಿದೆ. 1290ರಲ್ಲಿ ಮುಗಿದ ಜ್ಞಾನೇಶ್ವರಿಯಲ್ಲಿ ಇದೇ ವಂಶದ ರಾಮಚಂದ್ರನ ಹೆಸರಿದೆ ಅಂತ ಅವನು ಬೀಗಿದ. ಸ್ಕೋರು ಸಮ ಸಮ.

ಛತ್ರಪತಿ ಸಂಭಾಜಿನಗರದಿಂದ ಎಲ್ಲೋರದ ದಾರಿಯಲ್ಲಿ ಸುಮಾರು 15 ಕಿಲೋಮೀಟರ್ ಹೋದರೆ ಬೆಟ್ಟ. ಬಯಲಿನಿಂದ ಸುಮಾರು 200 ಮೀಟರ್ ಎದ್ದು ನಿಂತ ಶಂಕುವಿನಾಕಾರದ ಗುಡ್ಡ. ಬೇರೆ ಬೆಟ್ಟಗಳಿಗೆ ಕುರಿಗಾಹಿಯ ದಾರಿ, ಸೌದೆಯವರ ದಾರಿ ಅಂತ ನಾಲ್ಕಾರು ಇರುತ್ತವಲ್ಲ, ಇಲ್ಲಿ ಅಂಥದ್ದಕ್ಕೆ ಆಸ್ಪದವೇ ಇಲ್ಲ. ಗುಡ್ಡದ ಬುಡವನ್ನು ಸುತ್ತಲೂ ಗೋಡೆಯಂತೆ ನೆಟ್ಟಗೆ ಕಡಿದು, ಕೆಳಗೆ ಬಂಡೆಯಲ್ಲೇ ಕಂದಕ ತೋಡಿದ್ದಾರೆ. ಉಡವೂ ಹತ್ತಲಾರದು!

ಕೋಟೆಯ ಸಾಲು ಬಾಗಿಲುಗಳನ್ನು ದಾಟಿ, 15ನೇ ಶತಮಾನದ ಚಾಂದ್ ಮಿನಾರ್ ಹಿಂದೆ ಬಿಟ್ಟು, ಕಂದಕದ ಸೇತುವೆಗೆ ಬರಬೇಕು. ಅದರಾಚೆ 'ಅಂಧೇರಿ'. ಬಂಡೆಯೊಳಗೇ ಕೊರೆದ ಕತ್ತಲ ಸುರಂಗ, ಅಂಕುಡೊಂಕಿನ ಮೆಟ್ಟಿಲು, ಬಾವಲಿಗಳ ವಾಸನೆ. ಶತ್ರು ಇಲ್ಲಿಯವರೆಗೆ ಬಂದರೆ ಮೇಲಿನ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ, ಬೆಂಕಿ ಹೊತ್ತಿಸಿ ಹೊಗೆ ತುಂಬುವ ಏರ್ಪಾಡಿತ್ತಂತೆ. ಹೊರಗೆ ಬಂದ ಮೇಲೂ ಮೆಟ್ಟಿಲು ಮುಗಿಯುವುದಿಲ್ಲ. ಗಣೇಶನ ಗುಡಿ, ಬಾರಾದರಿ, ಏಕನಾಥರ ಗುರು ಜನಾರ್ದನ ಸ್ವಾಮಿಗಳ ಗವಿ, ಕೊನೆಗೆ ನೆತ್ತಿಯ ಮೇಲೆ ಫಿರಂಗಿ.

ಇಷ್ಟೆಲ್ಲ ಇದ್ದೂ ಕೋಟೆ ಸೋತದ್ದು ಹೇಗೆ? ಏದುಸಿರು ಬಿಡುತ್ತ ಅದನ್ನೇ ಯೋಚಿಸಿದೆ. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಬಂದಾಗ ದೊಡ್ಡ ಸೈನ್ಯ ರಾಜಕುಮಾರನ ಜೊತೆ ದೂರ ಹೋಗಿತ್ತು. ರಾಮಚಂದ್ರ ಅವಸರದಲ್ಲಿ ಕೋಟೆ ಸೇರಿಕೊಂಡ. ಧಾನ್ಯವೆಂದು ಒಳಗೆ ಸಾಗಿಸಿದ್ದ ಮೂಟೆಗಳನ್ನು ಆಮೇಲೆ ಬಿಚ್ಚಿದರೆ ಬರೀ ಉಪ್ಪು! ಹಾಗಂತ ಬರೆದವನು ಮುನ್ನೂರು ವರ್ಷ ಕಳೆದ ಮೇಲೆ ನಮ್ಮ ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಶ್ತಾ. ಮೂಟೆಯ ಕಥೆಯಲ್ಲಿ ಸ್ವಲ್ಪ ಉಪ್ಪುಖಾರ ಸೇರಿರಬಹುದು, ಆದರೆ ರಾಜ ಮಣಿದದ್ದು ನಿಜ. 1633ರಲ್ಲಿ ಮೊಘಲರ ಮಹಾಬತ್ ಖಾನ್ ಮುತ್ತಿದಾಗಲೂ ಒಳಗೆ ಆಹಾರ ತೀರುತ್ತ ಬಂದು, ಮಲಿಕ್ ಅಂಬರನ ಮಗ ಫತೇಖಾನ್ ಕೋಟೆ ಒಪ್ಪಿಸಿದ.

ಅಂದರೆ ಆ ಸುರಂಗವನ್ನು ಯಾರೂ ಕಾದಾಡಿ ಗೆಲ್ಲಬೇಕಾಗಲಿಲ್ಲ. ವೈರಿ ಹತ್ತದಂತೆ ಎಲ್ಲ ದಾರಿ ಕಡಿದು ಒಂದೇ ಉಳಿಸಿಕೊಂಡವರಿಗೆ ಅನ್ನ ಬರುವುದಕ್ಕೂ ಅದೊಂದೇ ಉಳಿಯಿತು. ಕೆಳಗೆ ಯಾರಾದರೂ ಕಾದು ಕೂತರೆ ಸಾಕು. 1687ರಲ್ಲಿ ಗೋಲ್ಕೊಂಡ ಕಳೆದುಕೊಂಡ ತಾನಾಶಾನನ್ನು ಔರಂಗಜೇಬ ಇಲ್ಲಿನ ಚೀನಿ ಮಹಲಿನಲ್ಲಿ ಸೆರೆಯಿಟ್ಟ. ಯಾರೂ ಹೊಕ್ಕಲಾಗದ ಜಾಗ ಸೆರೆಮನೆಯಾಗಲು ಎಷ್ಟು ಹೊತ್ತು?

ನೆತ್ತಿಯ ಮೇಲೆ ಗೆಳೆಯನೂ ನಾನೂ ಮಾತಿಲ್ಲದೆ ಕೂತೆವು. ನಮ್ಮದೋ ನಿಮ್ಮದೋ ಅನ್ನುವ ಜಗಳ ಯಾವ ಮೆಟ್ಟಿಲಲ್ಲಿ ನಿಂತಿತೋ ನೆನಪಿಲ್ಲ. ಬಹುಶಃ ಅಂಧೇರಿಯಲ್ಲಿ ಅವನು ನನ್ನ ಕೈ ಹಿಡಿದು ಎಳೆದಾಗ ಇರಬೇಕು. ಅವನ ಚೀಲದಲ್ಲಿ ಥಾಲಿಪೀಠ, ನನ್ನದರಲ್ಲಿ ಚಿತ್ರಾನ್ನ.

ನೀವು ಹೋದರೆ ಟಾರ್ಚು, ನೀರು, ಬುತ್ತಿ ಮರೆಯಬೇಡಿ. ಹತ್ತುವ ಮೊದಲು ಒಮ್ಮೆ ಡಬ್ಬಿ ಬಿಚ್ಚಿ ನೋಡಿಕೊಳ್ಳಿ. ರಾಮಚಂದ್ರ ಎಡವಿದ್ದು ಅಲ್ಲೇ.